ಗಾಜಿನ ಸೂಜಿ ಎಳೆಯುವ ಇಕುಯೊ ಅಕ್ಕ

ಬೆಳಗಿನ ಐದೂಕಾಲು. ಕುರಯೋಷಿ ಊರಿನ ಕಾಲುವೆ ಪಕ್ಕದ ಬಿಳಿಗೋಡೆಯ ಉಗ್ರಾಣಗಳಿಗೆ ಇನ್ನೂ ಬೆಳಕು ಹತ್ತಿಲ್ಲ. ವಿಶ್ವವಿದ್ಯಾಲಯದ ಹಿಂದಿನ ಗೇಟಿನಲ್ಲಿ ಸೈಕಲ್ ನಿಲ್ಲಿಸಿ, ಕೈಗವಸು ಕಳಚಿ ಬುಟ್ಟಿಗೆ ಹಾಕಿ, ಇಕುಯೊ ಕುಗಾ ಗಾಜಿನ ಕೋಣೆಯ ಬೀಗ ತೆಗೆಯುತ್ತಾರೆ. ವಯಸ್ಸು ಎಪ್ಪತ್ತೊಂದು. ಒಳಗೆ ಬಂದವರು ಮೊದಲು ಮಾಡುವ ಕೆಲಸ, ಕಿಟಕಿಯ ಸಂದಿಗೆ ಹಳೆಯ ಟವೆಲ್ ತುರುಕುವುದು. ಎರಡನೆಯದು, ನನ್ನನ್ನು ಗದರುವುದು.

"ಬಾಗಿಲ ಹತ್ರ ನಿಲ್ಬೇಡಿ, ಕೂತ್ಕೊಳ್ಳಿ. ಉಸಿರು ಬಿಡೋದಾದ್ರೆ ಆ ಕಡೆ ತಿರುಗಿ ಬಿಡಿ."

ನಾನು ಆ ಕಡೆ ತಿರುಗಿ ಉಸಿರು ಬಿಡುತ್ತೇನೆ. ಇಪ್ಪತ್ತು ವರ್ಷದಿಂದ ಈ ಊರಿನ ಜನರ ಬಗ್ಗೆ ಬರೆಯುತ್ತಿದ್ದೇನೆ. ಉಸಿರಾಡಿದ್ದಕ್ಕೆ ಬೈಸಿಕೊಂಡದ್ದು ಇದೇ ಮೊದಲು.

ಗೋಡೆಗೆ ಒಂದು ಕಬ್ಬಿಣದ ನಿಲುವು ಇದೆ. ಅದರಿಂದ ಒಂದು ಗಾಜಿನ ಕೊಳವೆ ಇಳಿಬಿದ್ದಿದೆ, ದಪ್ಪ ಎರಡು ಮಿಲಿಮೀಟರ್, ಕೆಳತುದಿಗೆ ಸೀಸದ ತೂಕ. ಕೊಳವೆಯ ನಡುಭಾಗವನ್ನು ತಂತಿಯ ಸುರುಳಿಯೊಂದು ಬಳಸಿಕೊಂಡಿದೆ. ಇಕುಯೊ ಸ್ವಿಚ್ ಹಾಕುತ್ತಾರೆ. ತಂತಿ ಕೆಂಪಾಗುತ್ತದೆ, ಕಿತ್ತಳೆಯಾಗುತ್ತದೆ. ಗಾಜು ಏನೂ ಆಗದಂತೆ ಕಾಯುತ್ತಾ ಇರುತ್ತದೆ, ಆಮೇಲೆ ಒಮ್ಮೆಲೇ ಮೆತ್ತಗಾಗಿ ತೂಕದ ಜೊತೆ ಕೆಳಗೆ ಜಾರುತ್ತದೆ. ಅವರ ಬೆರಳು ಸ್ವಿಚ್ ಮೇಲೆಯೇ ಇದೆ. ಯಾವ ಕ್ಷಣಕ್ಕೆ ಆರಿಸಿದರೆಂದು ನನಗೆ ತಿಳಿಯುವುದೇ ಇಲ್ಲ. ಕೊಳವೆ ಎರಡು ತುಂಡಾಗಿದೆ. ಮೇಲಿನ ತುಂಡು ಉದ್ದಕ್ಕೂ ಸಣ್ಣಗಾಗುತ್ತಾ ಬಂದು, ಕಣ್ಣಿಗೆ ಕಾಣದ ಕಡೆ ಮುಗಿದಿದೆ.

"ಏಳು ಗಂಟೆಗೆ ಕಟ್ಟಡದ ಫ್ಯಾನು ಶುರುವಾಗುತ್ತೆ. ಗಾಳಿ ಸ್ವಲ್ಪ ಆಡಿದ್ರೂ ತುದಿ ಸೊಟ್ಟ. ಅದಕ್ಕೇ ಈ ಹೊತ್ತಿಗೆ ಬರೋದು. ನನಗೇನು ನಿದ್ದೆ ಬರಲ್ಲ ಅಂತಲ್ಲ," ಎನ್ನುತ್ತಾರೆ ಇಕುಯೊ.

ದಿನಕ್ಕೆ ಹದಿನೆಂಟು, ಇಪ್ಪತ್ತು ಎಳೆಯುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ನಿಂತು ಪಾಸಾಗುವುದು ಮೂರೋ ನಾಲ್ಕೋ. ತುದಿಯ ತೂತು ಒಂದು ಮೈಕ್ರಾನ್ ಆಸುಪಾಸು ಇರಬೇಕು. ತಲೆಗೂದಲಿನ ದಪ್ಪವನ್ನು ಎಪ್ಪತ್ತು ಎಂಬತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟಾಗುತ್ತದೋ ಅಷ್ಟು. ಪುಸ್ತಕದಲ್ಲಿ ಇದಕ್ಕೆ ಲೋಮನಾಳ ಎಂಬ ಹೆಸರಿದೆ. ಇಲ್ಲಿಯವರು ಸೂಜಿ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ.

ಕಾರಿಡಾರಿನ ಆಚೆ ತುದಿಯ ದೊಡ್ಡ ಕೋಣೆಯಲ್ಲಿ ವೇಗವರ್ಧಕ ಯಂತ್ರವಿದೆ. ಅದು ಹೀಲಿಯಂನ ವಿದ್ಯುತ್ ತುಂಬಿದ ಕಣಗಳನ್ನು ಓಡಿಸಿ ಹೊರಗೆಸೆಯುತ್ತದೆ. ಹೊರಬರುವ ಕಣಗಳ ಧಾರೆ ಒಂದು ಮಿಲಿಮೀಟರ್ ಅಗಲ. ಒಂದೇ ಒಂದು ಜೀವಕೋಶಕ್ಕೆ, ಅದರ ನಡುವಿನ ಬೀಜಕ್ಕೆ ಗುರಿಯಿಟ್ಟು ಹೊಡೆಯಬೇಕಾದರೆ ಆ ಅಗಲ ಸಲ್ಲದು. ಬೇರೆ ಕಡೆ ದೊಡ್ಡ ದೊಡ್ಡ ಅಯಸ್ಕಾಂತಗಳನ್ನು ಸಾಲಾಗಿ ಇಟ್ಟು ಧಾರೆಯನ್ನು ಹಿಂಡುತ್ತಾರೆ. ಇಲ್ಲಿ ಇಕುಯೊ ಅವರ ಸೂಜಿಯ ಅಗಲ ಬಾಯಿಗೆ ಅದನ್ನು ಬಿಡುತ್ತಾರೆ. ಎಷ್ಟೋ ಕಣಗಳು ಗಾಜಿನಲ್ಲೇ ಉಳಿಯುತ್ತವೆ. ಉಳಿದವು ಒಳಗೋಡೆಗೆ ಸವರಿಕೊಂಡು ತುದಿಯಲ್ಲಿ ಒತ್ತಾಗಿ ಹೊರಬೀಳುತ್ತವೆ. ಸುಮ್ಮನೆ ಅಷ್ಟೇ ಸಣ್ಣ ತೂತು ಕೊರೆದಿದ್ದರೆ ಬರುತ್ತಿದ್ದದ್ದಕ್ಕಿಂತ ಎಷ್ಟು ಪಟ್ಟು ಹೆಚ್ಚು ಬಂತು ಎಂಬುದೇ ಇಲ್ಲಿಯವರ ಲೆಕ್ಕ, ಇಲ್ಲಿಯವರ ಮರ್ಯಾದೆ.

"ಲಾಳಿಕೆಗೆ ಅಕ್ಕಿ ಸುರಿದ ಹಾಗೆ ಅಂತ ಮೇಷ್ಟ್ರು ಹೇಳ್ತಿದ್ರು. ನಾನು ಒಪ್ಪಲಿಲ್ಲ. ಅಕ್ಕಿ ತಾನಾಗೇ ಕೆಳಗೆ ಬೀಳುತ್ತೆ, ಇದು ಬೀಳಲ್ಲ. ಗೋಡೆಗೆ ತಾಗೀತಾಗೀ ಜಾರ್ಕೊಂಡು ಹೋಗ್ಬೇಕು. ಇಳಿಜಾರು ಸ್ವಲ್ಪ ಜಾಸ್ತಿ ಆಯ್ತೋ, ಗೋಡೆಗೇ ಗುದ್ದಿ ಅಲ್ಲೇ ಕೂತ್ಬಿಡುತ್ತೆ."

ಮೇಷ್ಟ್ರು ಎಂದರೆ ಮೊರಿವಾಕಿ, ಈ ಪ್ರಯೋಗಾಲಯ ಕಟ್ಟಿದ ಪ್ರಾಧ್ಯಾಪಕರು. ತೀರಿಕೊಂಡು ಆರು ವರ್ಷವಾಯಿತು. ಈಗ ಅವರ ಜಾಗದಲ್ಲಿರುವುದು ಅವರದೇ ವಿದ್ಯಾರ್ಥಿನಿ ಚಿಸಾ ಅಶಿಹಾರಾ. ನಾನು ಬಂದಿರುವ ಈ ದಿನ ಚಿಸಾಗೂ ಇಕುಯೊಗೂ ಸುಮ್ಮನೆ ಕಳೆಯುವ ದಿನವಲ್ಲ. ಯಂತ್ರಕ್ಕೆ ನಲವತ್ತು ವರ್ಷವಾಗಿದೆ. ಅದನ್ನು ಇಟ್ಟುಕೊಳ್ಳಬೇಕೋ ಕಳಚಬೇಕೋ ಎಂದು ತೀರ್ಮಾನಿಸಲು ಸಮಿತಿಯೊಂದಿದೆ. ಸೂಜಿಯಿಂದ ಐನೂರು ಪಟ್ಟು ದಾಟಿಸಿ ತೋರಿಸಿದರೆ ಜೀವಕೋಶಗಳ ಸಂಶೋಧನೆಗೆ ಆಸ್ಪತ್ರೆಯವರು ಜೊತೆಗೂಡುತ್ತಾರೆ, ಯಂತ್ರವೂ ಗಾಜಿನ ಕೋಣೆಯೂ ಉಳಿಯುತ್ತವೆ. ದಾಟದಿದ್ದರೆ ಮಾರ್ಚ್ ಕೊನೆಗೆ ಎರಡಕ್ಕೂ ಬೀಗ. ಮಧ್ಯಾಹ್ನ ಎರಡಕ್ಕೆ ಸಮಿತಿಯ ಒಬ್ಬರ ಎದುರಿಗೆ ಕೊನೆಯ ಅಳತೆ.

ಅಲ್ಲಿಯವರೆಗೆ ಸಮಯವಿದೆ. ಇಕುಯೊ ಥರ್ಮಾಸ್‌ನಿಂದ ಬಿಸಿ ಚಹಾ ಬಗ್ಗಿಸಿ, ಉಪ್ಪಿನ ಪ್ಲಮ್ ಇಟ್ಟ ಅನ್ನದ ಉಂಡೆಯೊಂದನ್ನು ನನ್ನ ಕೈಗೆ ಹಾಕುತ್ತಾರೆ. ಮಾತು ಹಿಂದಕ್ಕೆ ಹೋಗುತ್ತದೆ. ಅವರ ಮನೆತನದ ಕಸುಬೇ ಹಿಂದಕ್ಕೆ ಹೋಗುವುದು.

ಊರಾಚೆ ಆಗ ಜ್ವರ ನೋಡುವ ಥರ್ಮಾಮೀಟರ್ ಮಾಡುವ ಕಾರ್ಖಾನೆಯಿತ್ತು. ಪಾದರಸ ಏರುವ ಆ ಸಣ್ಣ ಕೊಳವೆಯನ್ನು ಕೈಯಲ್ಲೇ ಎಳೆಯುತ್ತಿದ್ದರು. ಒಬ್ಬ ಕರಗಿದ ಗಾಜಿನ ಮುದ್ದೆಯೊಳಗೆ ಗಾಳಿ ಊದಿ ಹಿಡಿದು ನಿಲ್ಲುತ್ತಿದ್ದ. ಇನ್ನೊಬ್ಬ ಅದರ ಮತ್ತೊಂದು ತುದಿಗೆ ಕಬ್ಬಿಣದ ಕಡ್ಡಿ ಅಂಟಿಸಿಕೊಂಡು, ನಲವತ್ತು ಮೀಟರ್ ಉದ್ದದ ಕೊಟ್ಟಿಗೆಯಲ್ಲಿ ಹಿಂದೆ ಹಿಂದೆ ನಡೆಯುತ್ತಿದ್ದ. ಗಾಜು ಅವರಿಬ್ಬರ ನಡುವೆ ದಾರವಾಗುತ್ತಿತ್ತು. ಹಾಗೆ ಹಿಂದೆ ನಡೆಯುತ್ತಿದ್ದವರು ಇಕುಯೊ ಅವರ ಅಪ್ಪ. ಹದಿನೈದನೇ ವಯಸ್ಸಿಗೆ ಇಕುಯೊ ಅದೇ ಕೊಟ್ಟಿಗೆ ಸೇರಿದರು, ಬೀಸಣಿಗೆ ಹಿಡಿದು. ದಾರ ಎಲ್ಲಿ ತೆಳುವಾಗುತ್ತದೋ ಅಲ್ಲಿ ಬೀಸಿ ತಣಿಸಬೇಕು, ಆಗ ದಪ್ಪ ಉಳಿದ ಕಡೆ ಮಾತ್ರ ಎಳೆದುಕೊಳ್ಳುತ್ತದೆ.

"ಅಪ್ಪ ದಿನಕ್ಕೆ ಆರು ಕಿಲೋಮೀಟರ್ ಹಿಂದಕ್ಕೇ ನಡೀತಿದ್ರು. ಅಮ್ಮ ಅನ್ನೋರು, ಈ ಮನುಷ್ಯ ಜೀವನದಲ್ಲಿ ಮುಂದಕ್ಕೆ ಬಂದಿದ್ದು ಒಂದೇ ಸಲ, ನನ್ನನ್ನ ಹೆಣ್ಣು ಕೇಳೋಕೆ ಬಂದಾಗ ಅಂತ. ಅಪ್ಪ ನನಗೆ ಏನೂ ಹೇಳ್ಕೊಡ್ಲಿಲ್ಲ. ಗಾಜು ತೆಳು ಆಗೋ ಮುಂಚೆ ಅದರ ಹೊಳಪು ಬದಲಾಗುತ್ತೆ, ಅದನ್ನ ನೋಡೇ ಅಂದ್ರು. ಒಂದೇ ಮಾತು. ಅದು ಕಾಣೋಕೆ ನನಗೆ ಮೂರು ವರ್ಷ ಹಿಡೀತು."

ಬೇಸಿಗೆಯಲ್ಲಿ ಆ ಕೊಟ್ಟಿಗೆಯಲ್ಲಿ ನಿಲ್ಲಲಾಗುತ್ತಿರಲಿಲ್ಲವಂತೆ. ಹುಡುಗಿಯರೆಲ್ಲ ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಬೀಸಣಿಗೆಯ ಗಾಳಿಯನ್ನು ಗಾಜಿಗೆ ಒಂದು ಪಾಲು, ಪಕ್ಕದವಳ ಮುಖಕ್ಕೆ ಒಂದು ಪಾಲು ಹಂಚುತ್ತಿದ್ದರು. ಮೇಸ್ತ್ರಿ ನೋಡಿದರೆ ಬೈಗುಳ. ಚಳಿಗಾಲದಲ್ಲಿ ಅದೇ ಸ್ವರ್ಗ. ಹೊರಗೆ ಮೊಳಕಾಲುದ್ದ ಹಿಮ, ಒಳಗೆ ಒಲೆಯ ಮೇಲೆ ಸಿಹಿಗೆಣಸು. ಇದನ್ನು ಹೇಳುವಾಗ ಇಕುಯೊ ಅವರ ಕೈ ತನ್ನಷ್ಟಕ್ಕೆ ಬೀಸತೊಡಗುತ್ತದೆ, ಅವರಿಗೆ ಗೊತ್ತಾಗದು. ನನಗೆ ಹೊಟ್ಟೆಕಿಚ್ಚಾಗುತ್ತದೆ. ನನ್ನ ಕೈಗೆ ಹಾಗೆ ನೆನಪಿರುವುದು ಏನೂ ಇಲ್ಲ.

ಬ್ಯಾಟರಿ ಹಾಕಿದ ಥರ್ಮಾಮೀಟರ್ ಬಂತು, ಕಾರ್ಖಾನೆ ಮುಚ್ಚಿತು. ಮುಚ್ಚುವ ವಾರ, ಉಳಿದ ಕೊಳವೆಗಳನ್ನು ಕೊಳ್ಳಲು ಮೊರಿವಾಕಿ ಬಂದರು. ಕೊಳವೆ ಕಟ್ಟುತ್ತಿದ್ದ ಹೆಂಗಸೊಬ್ಬಳು ಒಂದೊಂದನ್ನೂ ಬೆಳಕಿಗೆ ಹಿಡಿದು, ನೋಡಿ, ಕೆಲವನ್ನು ಕೊಡದೆ ಪಕ್ಕಕ್ಕೆ ಇಡುತ್ತಿದ್ದಳು. ಯಾಕೆಂದು ಕೇಳಿದರು. ಒಳಗಿನ ತೂತು ಗುಂಡಗಿಲ್ಲ ಎಂದಳು. ಮೊರಿವಾಕಿ ಮನೆಗೆ ಒಯ್ದು ಅಳೆದು ನೋಡಿದರು, ಅವಳು ಹೇಳಿದ್ದು ಸರಿಯಿತ್ತು. ಮರುದಿನ ಮತ್ತೆ ಬಂದರು, ಈ ಸಲ ಇಕುಯೊ ಅವರನ್ನೇ ಕರೆದೊಯ್ಯಲು. ಅದಾಗಿ ಇಪ್ಪತ್ತೆಂಟು ವರ್ಷ.

ಮೊದಲ ಒಂಬೈನೂರು ಸೂಜಿಗಳಲ್ಲಿ ಒಂದರಿಂದಲೂ ಕಣ ಹೊರಬರಲಿಲ್ಲ. "ಮೇಷ್ಟ್ರು ಎಣಿಸ್ತಿದ್ರು, ನಾನು ಎಣಿಸ್ತಿರ್ಲಿಲ್ಲ. ಒಂಬೈನೂರ ಮೂವತ್ತೆರಡನೇದು ಬಂತು ಅಂತ ಅವರೇ ಹೇಳಿದ್ದು. ಬಂತು ಅಂದ್ರೆ ಏನು, ಒಂದು ಮುಳ್ಳು ಹೀಗೆ ಸ್ವಲ್ಪ ಅಲುಗಾಡ್ತು. ಅದಕ್ಕೇ ನಾವಿಬ್ರೂ ಊಟ ಬಿಟ್ಟು ನೋಡ್ತಾ ಕೂತಿದ್ವಿ."

ಆಮೇಲಿನ ಕಥೆಯನ್ನು ಇಕುಯೊ ಯಾರೂ ಕೇಳದಿದ್ದರೂ ಹೇಳುತ್ತಾರೆ. ಹೊಸಬರು ಯಾರೇ ಬರಲಿ, ಮೊದಲ ವಾರ ಇದನ್ನು ಕೇಳಲೇಬೇಕು.

ಹತ್ತೊಂಬತ್ತು ವರ್ಷದ ಹಿಂದೆ, ಒಂದು ಏಪ್ರಿಲ್‌ನಲ್ಲಿ, ಯಂತ್ರದ ಮುಳ್ಳು ಕೊನೆಯವರೆಗೆ ಹೋಯಿತು. ಅಲ್ಲಿಯವರೆಗೆ ಇನ್ನೂರು ಪಟ್ಟು ಬಂದರೆ ಹಬ್ಬ. ಅವತ್ತು ಎರಡು ಸಾವಿರದ ಎಂಟುನೂರು. ಮೊರಿವಾಕಿ ಕಾರಿಡಾರಿನಲ್ಲಿ ಕುಣಿದರು, ಅಕ್ಷರಶಃ. ಆ ಸೂಜಿಯನ್ನು ಹತ್ತಿಯಲ್ಲಿಟ್ಟು, ಗಾಜಿನ ಡಬ್ಬಿ ಮಾಡಿಸಿ, ತಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳುತ್ತೇನೆಂದರು. ಡಬ್ಬಿಗೆ ಹಾಕುವ ಮುಂಚೆ ಇಕುಯೊ ಸುಮ್ಮನೆ ಒಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿದರು. ತುದಿ ಮುರಿದಿತ್ತು. ಬೆಳಿಗ್ಗೆ ಅಳೆದಾಗ ಮುಕ್ಕಾಲು ಮೈಕ್ರಾನ್‌ಗಿಂತ ಚೂರು ಹೆಚ್ಚಿದ್ದದ್ದು ಈಗ ಮೂರು ಮೈಕ್ರಾನ್. ಹಿಡಿಕೆಗೆ ಸಿಕ್ಕಿಸುವಾಗ ಇಕುಯೊ ಅವರ ಕೈಯೇ ತಾಗಿರಬೇಕು. ದೊಡ್ಡ ತೂತಿನಿಂದ ಹೆಚ್ಚು ಕಣ ಬಂದಿದೆ, ಲೆಕ್ಕ ಹಾಕಿದ್ದು ಸಣ್ಣ ತೂತಿಗೆ. ಪವಾಡ ಅಷ್ಟೇ.

"ಯಾಕೆ ಹೇಳ್ಲಿಲ್ಲ?" ಎಂದು ನಾನು ಕೇಳುತ್ತೇನೆ.

"ಮೇಷ್ಟ್ರ ಹೆಂಡತಿ ಆಸ್ಪತ್ರೇಲಿದ್ರು. ಆ ವರ್ಷ ಮೇಷ್ಟ್ರು ನಕ್ಕಿದ್ದನ್ನ ನಾನು ನೋಡಿದ್ದೇ ಅವತ್ತು. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಅನ್ನೋದು ಎಂಟು ತಿಂಗಳು ಬೆಳೀತು."

ಅಷ್ಟರಲ್ಲಿ ಆ ಅಂಕಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿ ಊರೂರು ತಿರುಗಿತು. ನವೆಂಬರ್‌ನಲ್ಲಿ ಕೊರಿಯಾದ ದೇಜೊನ್‌ನಿಂದ ಒಂದು ಕಾಗದ ಬಂತು. ಬರೆದವಳು ಅಲ್ಲಿನ ಪ್ರಯೋಗಾಲಯವೊಂದರಲ್ಲಿ ಇದೇ ಕೆಲಸ ಮಾಡುವ ಪ್ಯೊ ಉನ್‌ಜು ಎಂಬಾಕೆ. ಮೇಷ್ಟ್ರು ಅದನ್ನು ಹೆಮ್ಮೆಯಿಂದ ಎಲ್ಲರೆದುರು ಗಟ್ಟಿಯಾಗಿ ಓದಿದರು. ನಾನೂರು ಕೊಳವೆ ಎಳೆದಿದ್ದೇನೆ, ನಿಮ್ಮ ಅಂಕಿಯ ಹತ್ತಿರಕ್ಕೂ ಹೋಗಲಾಗಿಲ್ಲ, ನನ್ನ ಕೈಯಲ್ಲೇ ಏನೋ ಕೊರತೆಯಿದೆ ಎಂದು ನಮ್ಮವರೂ ಅನ್ನುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ, ಈ ಕೆಲಸ ಬಿಡಬೇಕೆಂದಿದ್ದೇನೆ, ಬಿಡುವ ಮುಂಚೆ ನಿಮ್ಮ ಕುಶಲಕರ್ಮಿ ಹೇಗೆ ಎಳೆಯುತ್ತಾರೆಂದು ತಿಳಿಸಬಹುದೇ? ಇಷ್ಟು ಅದರಲ್ಲಿತ್ತು.

"ಆ ಹೆಣ್ಣುಮಗಳು ಮೂರು ವರ್ಷ ಹೊಳಪು ನೋಡೋಕೆ ಕಲ್ತಿರ್ತಾಳೆ ತಾನೇ? ನನ್ನ ಹಾಗೇ?"

ಡಿಸೆಂಬರ್ ಎಂಟು ಬಂತು. ನಮ್ಮ ಕಡೆ ಅವತ್ತು ತೋಫು ತಿಂದು ವರ್ಷದ ಸುಳ್ಳುಗಳನ್ನು ತೊಳೆದುಕೊಳ್ಳುತ್ತೇವೆ. ವ್ಯಾಪಾರಿಗಳು, ಗಂಡಂದಿರು ಮತ್ತು ನನ್ನಂಥ ಪತ್ರಕರ್ತರು ಎರಡು ತುಂಡು ಹೆಚ್ಚಿಗೆ ತಿನ್ನುವುದು ವಾಡಿಕೆ. ಹೊಲಿಗೆಯವರು ಅದೇ ದಿನ ವರ್ಷವಿಡೀ ಮುರಿದ ಸೂಜಿಗಳನ್ನು ತೋಫುವಿನ ಮೆತ್ತನೆಯ ಗಡ್ಡೆಗೆ ಚುಚ್ಚಿ ಕೈಮುಗಿಯುತ್ತಾರೆ, ಗಟ್ಟಿ ಬಟ್ಟೆಯಲ್ಲಿ ದುಡಿದದ್ದಕ್ಕೆ ಕೊನೆಗಾದರೂ ಮೆತ್ತನೆ ಜಾಗ ಸಿಗಲಿ ಎಂದು. ಇಕುಯೊ ಅವರ ಅಮ್ಮ ಹೊಲಿಗೆಯವರು. ಹಾಗಾಗಿ ಪ್ರಯೋಗಾಲಯದಲ್ಲೂ ಅದೇ ಪದ್ಧತಿ ಬಂದಿತ್ತು. ಮುರಿದ ಗಾಜಿನ ಸೂಜಿಗಳನ್ನು ತೋಫುವಿಗೆ ಚುಚ್ಚುವುದು, ಪಕ್ಕದಲ್ಲಿ ಬೇರೆ ತೋಫು ಬೇಯಿಸಿ ತಿನ್ನುವುದು.

ಆ ವರ್ಷವೂ ಎಲ್ಲರೂ ಮೇಜಿನ ಸುತ್ತ ಕೂತರು. ಇಕುಯೊ ಎದ್ದು ಹೋಗಿ, ಮೇಷ್ಟ್ರ ಕಪಾಟಿನಿಂದ ಗಾಜಿನ ಡಬ್ಬಿ ತಂದು, ಹತ್ತಿ ಬಿಡಿಸಿ, ಆ ಸೂಜಿಯನ್ನು ಮುರಿದವುಗಳ ಪಕ್ಕ ಚುಚ್ಚಿದರು.

"ಅದನ್ಯಾಕೆ ಚುಚ್ಚಿದ್ರಿ? ಅದು ಮುರಿದಿಲ್ವಲ್ಲ," ಎಂದರು ಮೊರಿವಾಕಿ.

"ಮುರಿದಿದೆ ಮೇಷ್ಟ್ರೇ. ಏಪ್ರಿಲ್‌ನಲ್ಲೇ ಮುರಿದಿತ್ತು. ನಾನು ನೋಡಿದ್ದೆ."

ಮೊರಿವಾಕಿ ತಟ್ಟೆಯಲ್ಲಿದ್ದ ತೋಫುವನ್ನು ಪೂರ್ತಿ ತಿಂದು ಮುಗಿಸಿದರು. ಆಮೇಲೆ ಎದ್ದು ಹೋಗಿ ಎರಡು ಕಾಗದ ಬರೆದರು. ಒಂದು ಪತ್ರಿಕೆಗೆ, ಅಂಕಿ ತಪ್ಪು, ಲೇಖನ ಹಿಂತೆಗೆದುಕೊಳ್ಳುತ್ತೇನೆ ಎಂದು. ಇನ್ನೊಂದು ದೇಜೊನ್‌ಗೆ, ಅದರ ಕೆಳಗೆ ಇಕುಯೊ ಅವರ ಸಹಿಯನ್ನೂ ಹಾಕಿಸಿದರು. ಮೂರು ವರ್ಷ ಪ್ರಯೋಗಾಲಯಕ್ಕೆ ಅನುದಾನ ನಿಂತಿತು. ಇಕುಯೊ ಆ ಮೂರು ವರ್ಷ ಪಿಯರ್ ಹಣ್ಣು ವಿಂಗಡಿಸುವ ಶೆಡ್ಡಿನಲ್ಲಿ ಹಗಲು ದುಡಿದು, ಬೆಳಗಿನ ಜಾವ ಇಲ್ಲಿ ಬಂದು ಸುಮ್ಮನೆ ಗಾಜು ಎಳೆದರು. ಮೇಷ್ಟ್ರು ಒಂದು ದಿನವೂ ಗದರಲಿಲ್ಲ. ಅಳತೆ ಪುಸ್ತಕದಲ್ಲಿ ಮಾತ್ರ ಸ್ಕೇಲಿಟ್ಟು ಒಂದು ಗೆರೆ ಎಳೆದರು. ಎಡಕ್ಕೆ 'ಮುಂಚೆ', ಬಲಕ್ಕೆ 'ಆಮೇಲೆ'. ಅಂದಿನಿಂದ ಧಾರೆ ಹಾಯಿಸುವ ಮುಂಚೆ ಒಂದು ಸಲ, ಹಾಯಿಸಿದ ಮೇಲೆ ಇನ್ನೊಂದು ಸಲ ತುದಿಯನ್ನು ನೋಡದೆ ಇಲ್ಲಿ ಯಾರೂ ಅಂಕಿ ಬರೆಯುವಂತಿಲ್ಲ.

ದೇಜೊನ್‌ನಿಂದ ಎರಡು ಸಾಲಿನ ಉತ್ತರ ಬಂತು. ಕೋಪವಿದೆ, ಆದರೆ ಕೆಲಸ ಬಿಡುವುದಿಲ್ಲ ಎಂದಿತ್ತು.

ಮಧ್ಯಾಹ್ನ ಎರಡು. ಸಮಿತಿಯ ಪರವಾಗಿ ಬಂದಿರುವವರು ಅಚ್ಚುಕಟ್ಟಾಗಿ ಟೈ ಕಟ್ಟಿದ ಹಿರಿಯರು, ಒಳ್ಳೆಯ ಮನುಷ್ಯ. ಯಂತ್ರ ಉಳಿಯಲಿ ಎಂಬ ಆಸೆ ಅವರ ಮುಖದಲ್ಲೇ ಇದೆ. ಬೆಳಿಗ್ಗೆ ಪಾಸಾದ ನಾಲ್ಕು ಸೂಜಿಗಳಲ್ಲಿ ಮೊದಲನೆಯದನ್ನು ಚಿಸಾ ತಾನೇ ಹಿಡಿಕೆಗೆ ಕೂರಿಸಿದ್ದಾಳೆ. 'ಮುಂಚೆ' ಎಂಬಲ್ಲಿ 0.9 ಎಂದಿದೆ. ಪಂಪು ಗುಂಯ್‌ಗುಡುತ್ತಿದೆ. ಧಾರೆ ಬಿಡುತ್ತಾರೆ. ಪರದೆಯ ಮೇಲೆ ಅಂಕಿ ಏರಿ ಏರಿ ನಿಲ್ಲುತ್ತದೆ.

ಸಾವಿರದ ಇನ್ನೂರ ನಲವತ್ತು.

ಹಿರಿಯರು ಚಪ್ಪಾಳೆ ತಟ್ಟುತ್ತಾರೆ. ಜೊತೆಗೂಡುವವರು ಯಾರೂ ಇಲ್ಲ. ಅವರ ಚಪ್ಪಾಳೆ ಎರಡು ಸಲ ಕೇಳಿ ನಿಲ್ಲುತ್ತದೆ.

"ಬರ್ಕೊಳ್ಳಲಾ?" ಎನ್ನುತ್ತಾರೆ, ಪೆನ್ನು ತೆಗೆದು.

"ಇನ್ನೊಂದು ಕಾಲಂ ಇದೆ, ಸ್ವಾಮಿ," ಎನ್ನುತ್ತಾರೆ ಇಕುಯೊ.

ಚಿಸಾಳ ಮುಖ ಬಿಳಿಚಿಕೊಂಡಿದೆ. ಅವಳು ಸೂಜಿಯನ್ನು ಹೊರತೆಗೆದು, ಎರಡು ಕೈಯಲ್ಲೂ ಹಿಡಿದು ಕೊಡುತ್ತಾಳೆ. "ನೋಡಿ ಅಕ್ಕ. ನಂಗೆ ಧೈರ್ಯ ಇಲ್ಲ."

ಗಾಜಿನ ಕೋಣೆಗೆ ನಲವತ್ತು ಹೆಜ್ಜೆ. ಇಕುಯೊ ಹಿಂದೆ ನಾನೂ ಹೋಗುತ್ತೇನೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ನಲವತ್ತು ಹೆಜ್ಜೆಯೂ ಅದು ಮುರಿಯದಿರಲಿ ಎಂದೇ ಬೇಡಿಕೊಂಡೆ. ಸೂಕ್ಷ್ಮದರ್ಶಕದ ಮುಂದೆ ಅವರು ಕನ್ನಡಕ ತೆಗೆದು ಪಕ್ಕಕ್ಕಿಡುತ್ತಾರೆ. ನೋಡುತ್ತಾರೆ. ತಿರುಪು ತಿರುಗಿಸಿ ಮತ್ತೆ ನೋಡುತ್ತಾರೆ. ಆ ಕೋಣೆಯಲ್ಲಿ ಇದ್ದವರು ನಾವಿಬ್ಬರೇ. ನನಗೆ ಆ ಸೂಕ್ಷ್ಮದರ್ಶಕದಲ್ಲಿ ಏನು ಕಾಣಬೇಕೆಂಬುದೂ ಗೊತ್ತಿಲ್ಲ. 0.9 ಎಂದು ಬರೆದಿದ್ದರೆ ಕೇಳುವವರಿರಲಿಲ್ಲ.

ಇಕುಯೊ ಪೆನ್ನು ತೆಗೆದು 'ಆಮೇಲೆ' ಎಂಬಲ್ಲಿ 1.9 ಎಂದು ಬರೆಯುತ್ತಾರೆ. ಪಕ್ಕದಲ್ಲಿ, ಮುರಿದಿದೆ.

ಚಿಸಾ ಅದನ್ನು ಓದಿ, "ನಾನೇ ಮುರಿದೆ, ಕೂರಿಸುವಾಗ," ಎನ್ನುತ್ತಾಳೆ.

"ಇರ್ಬಹುದು. ನಾನೂ ಮುರಿದಿದ್ದೆ. ಇನ್ನೂ ಮೂರಿದೆ, ಬಾ. ಈ ಸಲ ಉಸಿರು ಹಿಡ್ಕೊಂಡು ಕೂರ್ಸು."

ಎರಡನೆಯ ಸೂಜಿಯನ್ನು ಇಬ್ಬರೂ ಸೇರಿ ಕೂರಿಸುತ್ತಾರೆ, ಅಲುಗದಂತೆ ಹಿಡಿದಿರುವವಳು ಚಿಸಾ, ಬಿಗಿಯುವವರು ಇಕುಯೊ. ಧಾರೆ ಹಾಯುತ್ತದೆ. ಮುನ್ನೂರ ಹತ್ತು. ಹೊರತೆಗೆದು ನೋಡಿದರೆ ತುದಿ ಹೇಗಿತ್ತೋ ಹಾಗೇ ಇದೆ, ಮುಂಚೆ 0.9, ಆಮೇಲೆಯೂ 0.9. ಮೂರನೆಯದು ಇನ್ನೂರ ಎಂಬತ್ತು. ನಾಲ್ಕನೆಯದು ಇನ್ನೂರ ತೊಂಬತ್ತೈದು. ಮೂರೂ ಅಂಕಿಗಳು ಒಂದೇ ಮಾತನ್ನು ಹೇಳುತ್ತವೆ, ಯಾವುದೂ ಐನೂರರ ಹತ್ತಿರ ಬರುವುದಿಲ್ಲ. ಹಿರಿಯರು ಎಲ್ಲವನ್ನೂ ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿ, ಸೊಂಟ ಬಗ್ಗಿಸಿ ದೀರ್ಘವಾಗಿ ನಮಸ್ಕರಿಸುತ್ತಾರೆ. ಅದು ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಮಾರ್ಚ್ ಕೊನೆಗೆ ಬೀಗ.

ಚಿಸಾ ಮೂಲೆಯ ಕುರ್ಚಿಯಲ್ಲಿ ಕೂತು ಅಳುತ್ತಾಳೆ. ಇಕುಯೊ ಅವಳ ಬೆನ್ನ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಇಷ್ಟು ಒಳ್ಳೆಯ ಕೆಲಸಗಾರ್ತಿಗೆ ಈ ಊರು ಒಂದು ಕೋಣೆ ಉಳಿಸಿಕೊಡಲಾರದೇ ಎಂದು ನನಗೆ ಸಿಟ್ಟು ಬರುತ್ತದೆ. ಸಂಜೆ ಇಬ್ಬರೂ ಗೇಟಿನಲ್ಲಿ ನಿಲ್ಲಿಸಿದ್ದ ಅವರ ಸೈಕಲ್ ಹತ್ತಿರ ಬಂದಾಗ, ಕೇಳಬಾರದ ಪ್ರಶ್ನೆಯನ್ನು ಕೇಳಿಬಿಡುತ್ತೇನೆ. ಮೊದಲ ಸೂಜಿಯ ಆ ಅಂಕಿಯನ್ನೇ ಹಾಗೇ ಉಳಿಸಿಬಿಟ್ಟಿದ್ದರೆ?

ಇಕುಯೊ ಬುಟ್ಟಿಯಿಂದ ಕೈಗವಸು ತೆಗೆದು ಹಾಕಿಕೊಳ್ಳುತ್ತಾರೆ.

"ಕೋಣೆ ಉಳೀತಿತ್ತು. ಅದೇನೋ ನಿಜ. ನಂಗೂ ಬೇಕಿತ್ತು ಅದು, ಬೇಡ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಇನ್ಮೇಲೆ?" ಸೈಕಲ್ಲಿನ ಸ್ಟ್ಯಾಂಡನ್ನು ಕಾಲಲ್ಲಿ ಎತ್ತುತ್ತಾರೆ. "ಆದ್ರೆ ಎಲ್ಲೋ ಒಂದು ಊರಲ್ಲಿ ಯಾರೋ ಒಬ್ಬಳು ನಮ್ಮ ಮುನ್ನೂರ ಹತ್ತು ನೋಡಿ ಗಾಜು ಎಳೆಯೋಕೆ ಕೂರ್ತಾಳೆ. ಅವಳಿಗೂ ಅಷ್ಟೇ ಬರುತ್ತೆ. ತನ್ನ ಕೈ ಸರಿಯಿಲ್ಲ ಅಂತ ಅಂದ್ಕೊಳ್ಳಲ್ಲ."